ಧ್ವಜಸ್ತಂಭದ ಮೇಲಿನ ನೀರುಕಾಗೆ

ಒಂದಾನೊಂದು ಕಾಲದಲ್ಲಿ, ಕಡಲನ್ನು ಸೇರಲು ನಾಚಿದ ನದಿಯೊಂದು ಎರಡು ಕವಲಾಗಿ ತಡವರಿಸಿ ನಿಂತ ಅಳಿವೆಯ ನಡುವೆ, ಸಪ್ತದ್ವೀಪಗಳನ್ನು ಎಣಿಸುವಾಗ ಬ್ರಹ್ಮನ ಬೆರಳು ತಪ್ಪಿ ಬಿಟ್ಟುಹೋದ ಎಂಟನೆಯ ದ್ವೀಪವೊಂದಿತ್ತು. ಏಡಿಕುದ್ರು ಎಂದು ಅದರ ಹೆಸರು. ಹೇ ವಾಗ್ದೇವಿ, ಹಂಸದ ಬೆನ್ನಿನಿಂದ ಅರೆಗಳಿಗೆ ಇಳಿದು ಈ ದೋಣಿಯಲ್ಲಿ ಕೂರು. ಸೀರೆಯ ನೆರಿಗೆ ತುಸು ಎತ್ತಿಕೋ, ತಳದಲ್ಲಿ ನೀರಿದೆ. ಆ ನಲವತ್ತೊಂದು ಮನೆಗಳ ಮಹಾಸಾಮ್ರಾಜ್ಯದಲ್ಲಿ ನಡೆದ ಘೋರಸಂಗ್ರಾಮವನ್ನು ಹೇಳುವ ಶಕ್ತಿ ಕೊಡು.

ಹಿಂದೆ ಯಾವನೋ ಅರಸ, ಮುಳುಗುತ್ತಿದ್ದ ತನ್ನನ್ನು ಇಲ್ಲಿಯವರು ಕುತ್ತಿಗೆಪಟ್ಟಿ ಹಿಡಿದು ಮೇಲೆತ್ತಿದ ಉಪಕಾರಕ್ಕಾಗಿ, ಕುದ್ರುವನ್ನು ಕುದ್ರುವಿನವರೇ ಆಳತಕ್ಕದ್ದೆಂದು ಶಾಸನ ಬರೆದುಕೊಟ್ಟಿದ್ದನು. ಯುದ್ಧ ಬಂದರೆ ದಡದವರು ನೋಡಿಕೊಳ್ಳಬೇಕು, ಉಳಿದದ್ದೆಲ್ಲ ಇವರದ್ದೇ. ಕರಾರು ಒಂದೇ: ನೂಲಹುಣ್ಣಿಮೆಯ ಹಗಲು, ಉಬ್ಬರ ತುಂಬುವ ಹೊತ್ತಿಗೆ ದಡದ ಅಧಿಕಾರಿ ದೋಣಿಯಲ್ಲಿ ಬರುವನು, ಬಾವುಟ ಏರಿದ್ದರೆ ಸ್ವರಾಜ್ಯ ಇನ್ನೊಂದು ವರ್ಷ ಊರ್ಜಿತ. ಏರಿಲ್ಲವೋ, ಕುದ್ರುವೂ ಅದರ ಸುತ್ತಲ ಕೆಸರಿನಲ್ಲಿ ಚಿಪ್ಪುಮೀನು ಹೆಕ್ಕುವ ಹಕ್ಕೂ ದಡದ ಪಾಲು. ನಲವತ್ತೊಂದು ಒಲೆಗಳೂ ಉರಿಯುತ್ತಿದ್ದುದು ಆ ಚಿಪ್ಪಿನಿಂದಲೇ.

ರಾಜ್ಯವೆಂದ ಮೇಲೆ ಲಾಂಛನಗಳು ಬೇಡವೇ? ನೀಲಿ ಬಾವುಟದ ಮೇಲೆ ಹಳದಿ ಏಡಿ. ಅದರಡಿ ‘ಅಡ್ಡ ನಡೆದರೂ ಮುಂದೆ’ ಎಂಬ ಧ್ಯೇಯವಾಕ್ಯ. ಎಂಟು ಸಾಲಿನ ನಾಡಗೀತೆ. ಮೂರನೆಯ ಸಾಲಿನಾಚೆಗೆ ಯಾರಿಗೂ ಬಾರದ್ದರಿಂದ ಮುಂದಿನದು ಗುಂಯ್‌ಗುಡುವಿಕೆ. ನಾಡಮೀನಿನ ಪಟ್ಟ ಕಾಣೆಮೀನಿಗೆ. ಹುಲಿ, ನವಿಲು, ತಾವರೆಗಳನ್ನೆಲ್ಲ ದೊಡ್ಡವರು ಮೊದಲೇ ಹಿಡಿದುಬಿಟ್ಟಿದ್ದರಿಂದ ನಾಡಹಕ್ಕಿಯ ಪಟ್ಟ ನೀರುಕಾಗೆಗೆ ಒಲಿದಿತ್ತು.

ಅಂಥ ನಾಡಿಗೆ ಆ ವರ್ಷ ಹೊಸದಾಗಿ ಅಧಿಪತಿಯಾದವನು ಏಡಿಕುದ್ರುಕುಲಕುಮುದಚಂದ್ರನೂ ಲವಣಾಂಬುವೀಚಿತಾಡಿತವಿಶಾಲವಕ್ಷಸ್ಥಲನೂ ಜೀರ್ಣಜಾಲಸಂಧಾನಚತುರನೂ ಆದ ಹಿರಿಯಣ್ಣ ಮರಕಾಲನು. ಅವನಿಗಿಂತ ಮೊದಲು ಹದಿನೇಳು ಮಂದಿ ಬಾವುಟವೇರಿಸಿದ್ದರು, ಒಬ್ಬನೂ ತಪ್ಪಿರಲಿಲ್ಲ. ಪಟ್ಟಕ್ಕೆ ಬಂದ ದಿನ ಅವನೂ ಊರೆದುರು ಪ್ರತಿಜ್ಞೆ ಮಾಡಿದ್ದನು: “ನನ್ನ್ ಕಾಲ್ದಲ್ ಬಾವುಟ ಏರ್ದಿದ್ರೆ ಮೀಸೆ ಬೋಳ್ಸ್ಕಂತೆ!” ಆ ಮೀಸೆಯಾದರೂ ಸಾಮಾನ್ಯದ್ದೇ? ಎರಡು ತುದಿಗಳಲ್ಲೂ ಒಂದೊಂದು ಲಿಂಬೆಹಣ್ಣು ನಿಲ್ಲಬಲ್ಲಂಥದು.

ನೂಲಹುಣ್ಣಿಮೆ ಬಂದಿತು. ಉಬ್ಬರ ಏರುತ್ತಿತ್ತು. ಹಳೆಯ ಹಾಯಿದೋಣಿಯ ಕಂಬವೇ ಧ್ವಜಸ್ತಂಭವಾಗಿದ್ದ ಬಯಲಿಗೆ ಹಿರಿಯಣ್ಣನು ಮಡಚಿದ ಬಾವುಟ ಹಿಡಿದು ಐರಾವತದಂತೆ ನಡೆದು ಬಂದು ತಲೆಯೆತ್ತಿದನು. ಕಂಬದ ತುದಿಯಲ್ಲಿ, ರಾಟೆಯ ಮೇಲೆ, ಹಗ್ಗವನ್ನು ಎರಡೂ ಪಾದಗಳಡಿ ಒತ್ತಿಕೊಂಡು, ಒದ್ದೆ ರೆಕ್ಕೆಗಳನ್ನು ಬಿಸಿಲಿಗೆ ಚಾಚಿ, ನಾಡಹಕ್ಕಿಯು ಕುಳಿತಿತ್ತು.

“ಎಲೈ ಕಾಲಮೇಘಸನ್ನಿಭ ವಿಹಂಗಮವೇ!” ಎಂದು ವೀರನು ಗರ್ಜಿಸಿದನು. “ತೊಲಗು! ನನ್ನ ಭುಜಬಲಕ್ಕೆ ಬಂಗಡೆಯ ಬಲೆಯೇ ಹರಿದಿದೆ, ನನ್ನ ಹುಟ್ಟಿನ ಏಟಿಗೆ ಸುಳಿಗಳೇ ದಾರಿ ಬಿಟ್ಟಿವೆ. ಏಳ್ತ್ಯೋ ಇಲ್ಯೋ?”

ಹಕ್ಕಿ ಏಳಲಿಲ್ಲ. ಅವನು ಹಗ್ಗ ಜಗ್ಗಲು ಕೈಯಿಟ್ಟನು.

“ಹ್ವಾಯ್, ಹಗ್ಗ ಬಿಡಿ!” ಎಂದು ನಡುವೆ ನುಗ್ಗಿದವಳು ಪಕ್ಷಿಮಂತ್ರಿಣಿ ಚಂದು ಪೂಜಾರ್ತಿ, ಸೊಂಟಕ್ಕೆ ಸೆರಗು ಬಿಗಿದ ಮಹಿಷಮರ್ದಿನಿ. “ನಾಡಹಕ್ಕಿ ಅದ್. ಎಬ್ಸುಕಾಗ. ಹುಶ್ ಅಂಬುಕೂ ಆಗ. ಕಾನೂನಿತ್ತ್.”

“ನಾನೇ ಮಾಡಿದ್ ಕಾನೂನ್ ನಂಗೇ ಹೇಳ್ತ್ಯಾ ಹೆಣ್ಣೇ?”

“ನೀವೇ ಮಾಡಿದ್ದನ್ನ ನೀವೇ ಕೇಣ್ದಿದ್ರೆ ಮತ್ಯಾರ್ ಕೇಂಬುದ್?”

ಈ ವಾಗ್ಬಾಣಕ್ಕೆ ವೀರನು ಎರಡು ಹೆಜ್ಜೆ ಹಿಂದೆ ಸರಿದನು. ಆದರೂ ಎದೆಗುಂದದೆ ಮೀನಬುಟ್ಟಿಯೊಂದನ್ನು ತರಿಸಿ, ಆಮಿಷವೆಂಬ ಮೋಹನಾಸ್ತ್ರವನ್ನು ಹೂಡಲು ಬಾಲ ಹಿಡಿದು ಒಂದು ಮೀನನ್ನೆತ್ತಿದನು. ಅಯ್ಯೋ ವಿಧಿಯೇ, ಬುಟ್ಟಿಯ ತುಂಬ ಕಾಣೆ!

“ನಾಡಮೀನನ್ ಹಕ್ಕಿಗ್ ಹಾಕುಕಾಗ,” ಎಂದನು ಕಾನೂನುಮಂತ್ರಿ ಲಾದ್ರು ಲೋಬೊ, ಪ್ಲಾಸ್ಟಿಕ್ ಚೀಲದಿಂದ ಸಂವಿಧಾನವನ್ನು ಬಿಚ್ಚುತ್ತ. “ಗೌರವದಿಂದ ಸಾರ್ ಮಾಡ್ಲಕ್ಕ್, ಅಷ್ಟೇ.”

“ಹಂಗಾರೆ ಆ ಕಾನೂನನ್ನೇ ತೆಗಿ ಮಾರಾಯ! ಈಗ್ಲೇ ಸಭೆ ಕೂಡುವ. ನಾವ್ ಮೂರ್ ಜನ ಇದ್ರ್ ಸಾಕಲ್ದಾ?”

ಲಾದ್ರು ಪುಟ ತಿರುವಿದನು. ಇನ್ನೊಂದು ತಿರುವಿದನು. ಅವನ ಮುಖವು ಗ್ರಹಣದ ಚಂದ್ರನಂತಾಯಿತು. “ಸಾಕ್. ಆದ್ರೆ ಬಾವುಟ ಏರ್ದೇ ಸಭೆ ಕೂಡೂಕಾಗ ಅಂದಿತ್ತ್ ಕಾಣಿ.”

ಕೇಳಿದಿರಾ ಈ ಚಕ್ರವ್ಯೂಹವನ್ನು! ಬಾವುಟವೇರದೆ ಸಭೆ ಕೂಡದು, ಸಭೆ ಕೂಡದೆ ಕಾನೂನು ಕದಲದು, ಕಾನೂನು ಕದಲದೆ ಹಕ್ಕಿ ಏಳದು, ಹಕ್ಕಿ ಏಳದೆ ಬಾವುಟವೇರದು. ನಾಡಗೀತೆಯಿಂದಾದರೂ ಹಕ್ಕಿಯ ಮನಸ್ಸು ಕರಗೀತೇ ಎಂದು ಹಾಡಿಯೂ ನೋಡಿದರು. ಗೀತೆ ಮುಗಿಯುವ ತನಕ ಯಾರೂ ಅಲುಗಬಾರದೆಂಬ ನಿಯಮವನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದ್ದು ಹಕ್ಕಿಯೇ.

ಅಷ್ಟರಲ್ಲಿ ಹೊಳೆಯ ತಿರುವಿನಲ್ಲಿ ಅಧಿಕಾರಿಯ ದೋಣಿ ಕಾಣಿಸಿತು.

ಹಿರಿಯಣ್ಣನು ಕಂಬದ ಬುಡದಲ್ಲಿ ಕುಸಿದು ಕುಳಿತನು. ಬಾವುಟವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡನು. ಕುಮುದಚಂದ್ರನ ದನಿಯಲ್ಲಿ ಈಗ ಸಮಾಸಗಳಿರಲಿಲ್ಲ. “ಮೀಸೆ ಹೋರೆ ಹೋಯ್ಲಿ ಚಂದು. ನಾಳೆ ನಮ್ಮ್ ಹೆಂಗ್ಸ್ರ್ ಚಿಪ್ಪಿಗ್ ಇಳುಕೆ ದಡದೋರ್ನ ಕೇಣ್ಕಲೆ. ಹದಿನೇಳ್ ಜನ ಏರ್ಸಿರ್. ನನ್ನ್ ಕೈಯಲ್ಲೇ ಹೋಯ್ತಲೆ.”

ಚಂದು ಪೂಜಾರ್ತಿ ಅವನನ್ನು ನೋಡಿದಳು, ಹಕ್ಕಿಯನ್ನು ನೋಡಿದಳು, ದೋಣಿಯನ್ನು ನೋಡಿದಳು. ಆಮೇಲೆ ಲಾದ್ರುವಿನ ಕಡೆ ಕೈಚಾಚಿದಳು.

“ನಿಮ್ಮ್ ನಶ್ಯದ ಡಬ್ಬಿ ಕೊಡಿ ಕಾಂಬ.”

“ಎಂತಕ್ಕೆ?”

“ಹಕ್ಕಿ ಎಬ್ಸುಕಾಗ, ಹುಶ್ ಅಂಬುಕಾಗ. ಪಕ್ಷಿಮಂತ್ರಿ ಸೀನೂಕಾಗ ಅಂತ ಎಲ್ಲಾದ್ರೂ ಬರ್ದಿತ್ತಾ?”

ಲಾದ್ರು ಸಂವಿಧಾನವನ್ನು ಮೊದಲಿನಿಂದ ಕಡೆಯ ತನಕ ನೋಡಿದನು. ಬರೆದಿರಲಿಲ್ಲ.

ಆಗ ಆ ವೀರಾಂಗನೆಯು ಎರಡು ಬೆರಳು ನಶ್ಯವನ್ನು ಎರಡೂ ಹೊಳ್ಳೆಗಳಿಗೇರಿಸಿ, ಕಣ್ಣು ಮುಚ್ಚಿ, ಮುಖವನ್ನು ನಭಕ್ಕೆತ್ತಿ, ತ್ರಿಪುರದಹನದಂದೂ ಕೇಳದಿದ್ದ, ದಿಗ್ಗಜಗಳು ಕಿವಿ ಮುಚ್ಚಿಕೊಂಡ, ಕುದ್ರುವಿನ ಅಷ್ಟೂ ಕೋಳಿಗಳನ್ನು ಮನೆಯ ಮಾಡಿಗೇರಿಸಿದ ಒಂದು ಸೀನನ್ನು ಸೀನಿದಳು.

ನೀರುಕಾಗೆ ಹಾರಿತು.

“ಎಳಿನಿ!” ಎಂದು ಚಂದು ಮೂಗೊರೆಸಿಕೊಳ್ಳುತ್ತಲೇ ಕೂಗಿದಳು. ಹಿರಿಯಣ್ಣನು ಬಾವುಟವನ್ನು ಹಗ್ಗಕ್ಕೆ ಸಿಕ್ಕಿಸಿ ಎಳೆದನು. ರಾಟೆ ಕಿರುಗುಟ್ಟಿತು.

ದೋಣಿಯಲ್ಲಿ ಅಧಿಕಾರಿಯು ಬಿಸಿಲಿಗೆ ಕೊಡೆ ಬಿಡಿಸಿಕೊಂಡು, ಅದರಡಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದನು.

“ಏರಿತ್ತನಾ?” ಎಂದು ಕೊಡೆ ಎತ್ತದೆಯೇ ಅಂಬಿಗನನ್ನು ಕೇಳಿದನು.

“ಏರಿತ್ತ್, ಏರಿತ್ತ್.”

“ಅಕ್ಕ್. ತಿರ್ಗ್ಸ್ ದೋಣಿ.”

ಕಂಬದ ತುದಿಯಲ್ಲಿ, ಗಾಳಿಯಿಲ್ಲದೆ ಜೋತುಬಿದ್ದು, ಮೈಯೊರೆಸುವ ಬೈರಾಸಿನಷ್ಟೇ ಅಗಲದ ನೀಲಿ ಬಟ್ಟೆಯೊಂದು ನಿಂತಿತ್ತು. ಹಿರಿಯಣ್ಣನು ಹಗ್ಗಕ್ಕೆ ಗಂಟು ಹಾಕಿದನು. ಸಾಲದೆಂದು ಇನ್ನೊಂದು ಹಾಕಿದನು.