ಕಾವಿಗಿಟ್ಟ ನೀರು

ಕರೆಂಟು ಹೋದರೆ ಸರೋವರದ ದಡದ ಕಪೋಲೊ ಊರಿನವರಿಗೆ ಮನೆಯ ದೀಪ ಆರುತ್ತಿತ್ತು, ಅಷ್ಟೆ. ವಾಟಿಪಾಸೊಗೆ ಮಾತ್ರ ಜೀವವೇ ಆರಿದಂತಾಗುತ್ತಿತ್ತು. ಊರಿನ ನಲ್ಲಿ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ನೋಡುವ ಕೆಲಸ ಅವನದು. ಪುಟ್ಟ ಶೀಶೆಯಲ್ಲಿ ನೀರು ಹಿಡಿದು, ಅದಕ್ಕೆ ಔಷಧಿ ಹಚ್ಚಿದ ಕಾಗದ ಹಾಕಿ, ಒಂದು ಹಗಲು ಒಂದು ರಾತ್ರಿ ಬೆಚ್ಚಗೆ ಇಡಬೇಕು. ನೀರಿಗೆ ಹೊಲಸು ಸೇರಿದ್ದರೆ ಶೀಶೆ ಕಪ್ಪಾಗುತ್ತದೆ, ಇಲ್ಲದಿದ್ದರೆ ತಿಳಿಯಾಗಿಯೇ ಉಳಿಯುತ್ತದೆ. ಬೆಚ್ಚಗಿಡುವುದಕ್ಕೆಂದು ಸರ್ಕಾರ ಕೊಟ್ಟಿದ್ದ ಪೆಟ್ಟಿಗೆ ಕರೆಂಟಿನದು. ಮಳೆ ಹಿಡಿದಾಗಿನಿಂದ ಅದು ತಣ್ಣಗೆ ಮೂಲೆಯಲ್ಲಿ ಬಿದ್ದಿತ್ತು.

ಜಿಲ್ಲಾ ಕಚೇರಿಗೆ ಫೋನು ಮಾಡಿದರೆ ಅಲ್ಲಿನ ಸಾಹೇಬರು ಇದೇನು ಮಹಾ ಎಂಬಂತೆ, ಹೊಟ್ಟೆಗೆ ಕಟ್ಟಿಕೋ ಎಂದರು. ಮೈಶಾಖಕ್ಕಿಂತ ಒಳ್ಳೆಯ ಪೆಟ್ಟಿಗೆ ಇಲ್ಲ, ನಾವೆಲ್ಲ ಹಾಗೇ ಮಾಡಿ ಮೇಲೆ ಬಂದವರು ಎಂದೂ ಸೇರಿಸಿದರು. ಬೆಳಗ್ಗೆ ವಾಟಿಪಾಸೊ ಹೆಂಡತಿಯ ಹಳೇ ಬಟ್ಟೆಯ ತುಂಡು ಹರಿದು ಶೀಶೆಯನ್ನು ಅಂಗಿಯೊಳಗೆ ಹೊಕ್ಕುಳಿನ ಹತ್ತಿರ ಕಟ್ಟಿಕೊಂಡ. ಇನ್ನು ನಾಳೆ ಬೆಳಗಿನವರೆಗೂ ಅವನು ಮೊಟ್ಟೆಯ ಮೇಲೆ ಕೂತ ಕೋಳಿ.

ಬೇರೆ ದಿನವಾಗಿದ್ದರೆ ಅವನಿಗೂ ನಗು ಬರುತ್ತಿತ್ತು. ಆದರೆ ಪಕ್ಕದ ಊರಿಗೆ ಕಾಲರಾ ಬಂದಿತ್ತು. ಕಪೋಲೊದ ಆರೋಗ್ಯ ಕೇಂದ್ರದ ಅಂಗಳದಲ್ಲೂ ಒಂದು ಬಿಳಿ ಡೇರೆ ಎದ್ದಿತ್ತು. ಅದರೊಳಗೆ ಇನ್ನೂ ಯಾರೂ ಮಲಗಿರಲಿಲ್ಲ, ಆದರೂ ದಾರಿಹೋಕರು ಅದನ್ನು ಕಂಡರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. ನೀರು ಕಾಯಿಸಿ ಕುಡಿಯಿರಿ ಎಂದು ಊರಿಗೆಲ್ಲ ಸಾರಿಯಾಗಿತ್ತು. ಒದ್ದೆ ಸೌದೆಯಲ್ಲಿ ಮೆಕ್ಕೆಜೋಳದ ಮುದ್ದೆ ನ್ಸಿಮಾ ಬೇಯಿಸುವುದೇ ಸಾಹಸವಾಗಿದ್ದಾಗ ನೀರು ಕಾಯಿಸುವವರು ಯಾರು? ವಾಟಿಪಾಸೊನ ಹೆಂಡತಿ ಲುಸುಂಗು ತುಂಬಿದ ಬಸುರಿ. ಇವತ್ತಿನಿಂದ ಕಾಯಿಸಿಯೇ ಕುಡಿ ಎಂದು ಅವಳಿಗೆ ಹೇಳಿದ್ದ. ನಿನ್ನೆ ಮೊನ್ನೆ ಕುಡಿದದ್ದಕ್ಕೆ ಏನು ಮಾಡುವುದು? ಶೀಶೆ ಕಪ್ಪಾದರೆ ಎಂದು ನೆನೆದಾಗಲೆಲ್ಲ ಅವನು ಅಂಗಿಯ ಮೇಲಿನಿಂದಲೇ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಇದರ ಮೇಲೆ ನೀರು ಸಮಿತಿಯ ಅಧ್ಯಕ್ಷ ಮ್ಜುಮಾರಾ ಬೇರೆ ಕಟ್ಟಪ್ಪಣೆ ಮಾಡಿದ್ದರು.

“ಪರೀಕ್ಷೆ ನಡೀತಿದೆ ಅಂತ ಗೊತ್ತಾದ್ರೆ ಜನ ನಲ್ಲಿ ಬಿಟ್ಟು ಸರೋವರಕ್ಕೆ ಓಡ್ತಾರೆ. ನೆರೆ ಬಂದು ಊರಿನ ಕಕ್ಕಸೆಲ್ಲ ಕೊಚ್ಕೊಂಡ್ ಹೋಗಿರೋದು ಅಲ್ಲಿಗೇ. ನಾಳೆವರೆಗೂ ತುಟಿ ಬಿಚ್ಚಬೇಡ. ಬಿಚ್ಚಿದ್ರೆ ಈ ಕೆಲಸ ನಿನ್ನದಲ್ಲ.”

ಮೊದಲ ಪೆಟ್ಟು ಮನೆಯಂಗಳದಲ್ಲೇ ಬಿತ್ತು. ಮಗಳ ಬಾಣಂತನಕ್ಕೆಂದು ಅತ್ತೆ ನ್ಯಾಸೊಕೊ ಬಂದಿದ್ದರು. ಆ ಕಡೆಯ ರೂಢಿಯಂತೆ ಅಳಿಯನಾದವನು ಅತ್ತೆಯ ಮುಖ ನೋಡುವಂತಿಲ್ಲ, ಅವರೊಡನೆ ನೇರ ಮಾತಾಡುವಂತಿಲ್ಲ, ಅವರ ಕೈಯಿಂದ ಬಂದದ್ದನ್ನು ಬೇಡವೆನ್ನುವಂತಿಲ್ಲ. ಏನಿದ್ದರೂ ಮೂರನೆಯವರ ಮೂಲಕ. ಆ ಮೂರನೆಯವಳಾದ ಲುಸುಂಗು ಬೆಳಗ್ಗೆಯೇ ತಪಾಸಣೆಗೆಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದಳು. ಅತ್ತೆ ಗಂಜಿಯ ಬಟ್ಟಲು ಹಿಡಿದು ಮನೆಯ ಮೂಲೆ ತಿರುಗುವುದಕ್ಕೂ, ತಣ್ಣನೆಯ ಶೀಶೆ ಹೊಕ್ಕುಳಿಗೆ ತಾಗಿ ವಾಟಿಪಾಸೊ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ನರಳುವುದಕ್ಕೂ ಸರಿಹೋಯಿತು.

ನ್ಯಾಸೊಕೊ ಗಕ್ಕನೆ ಮಾವಿನ ಮರದ ಕಡೆ ಮುಖ ಮಾಡಿದರು. ಮೂರನೆಯವರಿಲ್ಲದಾಗ ಮರವೇ ಗತಿ.

“ಈ ಮನೇಲಿ ಯಾರಿಗಾದ್ರೂ ಹೊಟ್ಟೆ ಕೆಟ್ಟಿದ್ರೆ ಮುಚ್ಚಿಡಬಾರದಪ್ಪ,” ಎಂದು ಮರಕ್ಕೆ ಹೇಳಿದರು.

“ಯಾರಿಗೂ ಏನೂ ಆಗಿಲ್ಲ,” ಎಂದು ವಾಟಿಪಾಸೊ ಅದೇ ಮರದ ಇನ್ನೊಂದು ಮಗ್ಗುಲಿಗೆ ಹೇಳಿದ. ಅತ್ತೆಯೆದುರು ಅಂಗಿ ಎತ್ತಿ ತೋರಿಸುವುದಕ್ಕಿಂತ ಸಾಯುವುದು ಮೇಲು.

“ಹೋದ ಸಲ ಕಾಲರಾ ಬಂದಾಗ ನಮ್ಮಣ್ಣನೂ ಇದೇ ಮಾತು ಹೇಳಿದ್ದ. ಸಂಜೆಗೆ ಹೋಗ್ಬಿಟ್ಟ.”

ಇಷ್ಟು ಮರಕ್ಕೆ ತಿಳಿಸಿ, ಗಂಜಿಯನ್ನು ನೆಲದ ಮೇಲಿಟ್ಟು, ಅವರು ಪಕ್ಕದ ಮನೆಯ ಬೇಲಿಯತ್ತ ಹೆಜ್ಜೆ ಹಾಕಿದರು. ಪಕ್ಕದ ಮನೆಯವಳು ಮರವಲ್ಲ, ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳೂ ಅಲ್ಲ.

ನಲ್ಲಿಗಳನ್ನು ನೋಡಿ ಬರುವುದಿತ್ತು. ನಡೆದರೆ ಶೀಶೆ ಜಾರುತ್ತದೆಂದು ವಾಟಿಪಾಸೊ ಬಾಡಿಗೆ ಸೈಕಲ್ಲಿನ ಹಿಂದಿನ ಸೀಟು ಹತ್ತಿದ. ಸೈಕಲ್ಲು ತುಳಿಯುವ ವಿಟುಂಬಿಕೊ ಎಂದಿನಂತೆ ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸಿದ. ಒಂದೊಂದು ಗುಂಡಿಗೂ ಹಿಂದೆ ಕೂತವನು ಹೊಟ್ಟೆ ಅಪ್ಪಿಕೊಂಡು, ಮೆಲ್ಲಗೆ, ನಿನ್ನ ದಮ್ಮಯ್ಯ, ಎಂದು ಬೇಡುತ್ತಿದ್ದ. ಅರ್ಧ ದಾರಿಯಲ್ಲಿ ವಿಟುಂಬಿಕೊ ಸೈಕಲ್ಲು ನಿಲ್ಲಿಸಿ ನಾಲ್ಕು ಮಾರು ದೂರ ನಿಂತ. ಬಾಡಿಗೆ ಬೇಡ, ಇಲ್ಲೇ ಇಳಿದುಬಿಡಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಎಂದ. ಆಮೇಲೆ ಹಿಂದಿನ ಸೀಟನ್ನು ಬೇವಿನ ಸೊಪ್ಪಿನಿಂದ ಗಸಗಸ ಉಜ್ಜಿ, ಖಾಲಿ ಸೈಕಲ್ಲನ್ನು ಓಡಿಸಿಕೊಂಡು ಹೋದ. ಅವನು ಹೋದ ಕಡೆಯೆಲ್ಲ ಸುದ್ದಿಯೂ ಹೋಯಿತು.

ವಾಟಿಪಾಸೊ ಸಂತೆಯ ಬಳಿಯ ನಲ್ಲಿಕಟ್ಟೆಗೆ ಬರುವಷ್ಟರಲ್ಲಿ ಸಾಲಿನಲ್ಲಿದ್ದ ಹೆಂಗಸರೆಲ್ಲ ಬಿಂದಿಗೆ ಎತ್ತಿಕೊಂಡು ಅವನನ್ನೇ ನೋಡುತ್ತಿದ್ದರು. ನೀರು ಬಿಡುವ ಎಲುಬಿ ಕಟ್ಟೆಯಿಂದ ಇಳಿದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಒಂದೇ ಮಾತು ಹೇಳಣ್ಣ. ಈ ನೀರು ಕುಡೀಬಹುದೋ, ಕುಡೀಬಾರದೋ?”

ಕುಡಿಯಿರಿ ಎಂದು ಹೇಳಿ ನಾಳೆ ಶೀಶೆ ಕಪ್ಪಾದರೆ ಊರಿಗೆ ಊರನ್ನೇ ಕೊಂದಂತೆ. ಬೇಡವೆಂದರೆ ಇವರೆಲ್ಲ ಹೋಗುವುದು ಸರೋವರಕ್ಕೆ, ಅದಂತೂ ಕಣ್ಣಿಗೆ ಕಾಣುವ ಸಾವು. ಪರೀಕ್ಷೆ ಆಗುತ್ತಿದೆ ಎನ್ನಲು ಅಧ್ಯಕ್ಷರ ಅಪ್ಪಣೆ ಇಲ್ಲ. ವಾಟಿಪಾಸೊ ಅಡಕತ್ತರಿಗೆ ಸಿಕ್ಕಿದ್ದ. ನಿಂತಲ್ಲೇ ಬೆವೆತ. ಬೆವರಿಗೆ ಗಂಟು ಸಡಿಲಾಗಿ ಶೀಶೆ ಜಾರಿತು, ಅವನು ಹೊಟ್ಟೆ ಒತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಅದಕ್ಕಿಂತ ಸ್ಪಷ್ಟವಾದ ಉತ್ತರ ಯಾರಿಗೆ ಬೇಕು? ಬಿಂದಿಗೆಗಳಲ್ಲಿದ್ದ ನೀರೆಲ್ಲ ಅಲ್ಲೇ ಚೆಲ್ಲಿಹೋಯಿತು. ಹೆಂಗಸರು ಖಾಲಿ ಬಿಂದಿಗೆಗಳನ್ನು ಹೊತ್ತು, ಸೀದಾ ಸರೋವರದ ದಾರಿ ಹಿಡಿದರು. ವಾಟಿಪಾಸೊ ಕೂತಲ್ಲಿಂದಲೇ, ಅಲ್ಲಿಗೆ ಹೋಗಬೇಡ್ರಮ್ಮ ಎಂದು ಕೂಗಿದ. ಕಾಲರಾ ಬಂದವನ ಮಾತಿಗೆ ಯಾರು ನಿಲ್ಲುತ್ತಾರೆ?

ಸ್ವಲ್ಪ ಹೊತ್ತಿಗೆ ಆರೋಗ್ಯ ಕೇಂದ್ರದವರು ಮೂಗು ಬಾಯಿ ಕಟ್ಟಿಕೊಂಡು, ಬೆನ್ನಿಗೆ ಔಷಧಿಯ ಪಂಪು ಹೊತ್ತು, ಡೋಲಿ ಹಿಡಿದು ಬಂದರು. ಮೊದಲು ಅವನ ಕಾಲಿಗೆ ಸಿಂಪಡಿಸಿದರು, ಆಮೇಲೆ ಅವನು ಕೂತಿದ್ದ ನೆಲಕ್ಕೆ, ಆಮೇಲೆ ಸುಮ್ಮನೆ ನೋಡುತ್ತ ನಿಂತಿದ್ದ ಒಂದು ಮೇಕೆಗೆ. ಅವನು ನಾನು ಚೆನ್ನಾಗಿದ್ದೇನೆ ಎಂದಷ್ಟೂ ಅವರು ಬಿಗಿಯಾಗಿ ಹಿಡಿದುಕೊಂಡರು. ಡೋಲಿಯಲ್ಲಿ ಶೀಶೆ ಒಡೆಯದಿರಲೆಂದು ಮಂಡಿಯನ್ನು ಗಲ್ಲಕ್ಕೆ ತಾಗಿಸಿ ಮುದುರಿ ಮಲಗಿದ. ದಾರಿಯುದ್ದಕ್ಕೂ ಜನ ಬಾಗಿಲು ಹಾಕಿಕೊಂಡರು.

ಆರೋಗ್ಯ ಕೇಂದ್ರದ ಗೇಟಿನಲ್ಲಿ ಲುಸುಂಗು ನಿಂತಿದ್ದಳು. ಡೋಲಿಯಲ್ಲಿ ಇದ್ದವನನ್ನು ಕಂಡು ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದಳು. ಆ ಮುಖ ನೋಡಿದಾಗ ವಾಟಿಪಾಸೊಗೆ ಕೆಲಸ ಹೋದರೆ ಹೋಗಲಿ ಎನ್ನಿಸಿತು. ಏನೂ ಆಗಿಲ್ಲ ಕಣೇ, ಬರೀ ಶೀಶೆ, ಎಂದು ಒದರಿದ. ಜ್ವರ ತಲೆಗೇರಿದೆ ಎಂದುಕೊಂಡು ಡೋಲಿಯವರು ಇನ್ನಷ್ಟು ಬೇಗ ನಡೆದರು.

ಡೇರೆಯೊಳಗೆ ನಡುವೆ ತೂತು ಕೊರೆದ ಮಂಚ, ಅದರ ಕೆಳಗೆ ಬಕೆಟ್ಟು. ನರ್ಸು ಚಾವುಲಾ ಅಂಗಿ ಎತ್ತಿದರು, ಕಟ್ಟು ಬಿಚ್ಚಿದರು, ಶೀಶೆಯನ್ನು ನೋಡಿದರು. ವಾಟಿಪಾಸೊ ಎಲ್ಲವನ್ನೂ ಹೇಳಿಕೊಂಡ. ಅವರು ನಗಲಿಲ್ಲ. ಶೀಶೆಯನ್ನು ಮತ್ತೆ ಅವನ ಹೊಟ್ಟೆಗೇ ಕಟ್ಟಿ, ತಮಗೆ ಗೊತ್ತಿದ್ದ ನಿಯಮವನ್ನು ತಿಳಿಸಿದರು. ಈ ಡೇರೆಗೆ ಬಂದವರು ಬೆಳಗಿನವರೆಗೆ ಹೊರಗೆ ಹೋಗುವಂತಿಲ್ಲ, ಹೊರಗಿನವರು ಹತ್ತಿರ ಬರುವಂತಿಲ್ಲ, ಅದು ಹೆಂಡತಿಯಾದರೂ ಅಷ್ಟೆ, ಅದರಲ್ಲೂ ಬಸುರಿಯಂತೂ ಹಗ್ಗದ ಆಚೆಗೇ ಇರಬೇಕು. ಅವನು ಇಡೀ ರಾತ್ರಿ ತೂತಿನೊಳಗೆ ಬೀಳದಂತೆ ಮಂಚದ ಅಂಚು ಹಿಡಿದು ಮಲಗಿದ. ಶೀಶೆಯನ್ನು ತೆಗೆದು ನೋಡುವ ಧೈರ್ಯ ಬರಲಿಲ್ಲ.

ಬೆಳಕು ಹರಿದಾಗ ಚಾವುಲಾ ಅವರೇ ಕಟ್ಟು ಬಿಚ್ಚಿದರು. ವಾಟಿಪಾಸೊ ಕಣ್ಣು ಮುಚ್ಚಿಕೊಂಡಿದ್ದ. ಅವರು ನೋಡಿ ಎಂದ ಮೇಲೆ ತೆರೆದ. ನೀರು ತಿಳಿಯಾಗಿತ್ತು, ನಿನ್ನೆ ಹಿಡಿದಾಗ ಹೇಗಿತ್ತೋ ಹಾಗೆ. ಲುಸುಂಗು ಕುಡಿದದ್ದು ಒಳ್ಳೆಯ ನೀರು, ಊರು ಕುಡಿದದ್ದು ಒಳ್ಳೆಯ ನೀರು. ಅವನು ತೂತಿನ ಮಂಚದ ಮೇಲೆ ಕೂತು ಮನಸಾರೆ ಅತ್ತ.

ಹೊರಗೆ ಬಂದರೆ ಹಗ್ಗದ ಆಚೆ ಊರೇ ನೆರೆದಿತ್ತು. ಬದುಕಿದ್ದಾನಲ್ಲ ಎಂದು ಕೆಲವರಿಗೆ ನಿರಾಸೆಯಾದಂತೆಯೂ ಕಂಡಿತು. ಮುಂದೆ ಅಧ್ಯಕ್ಷ ಮ್ಜುಮಾರಾ, ಪಕ್ಕದಲ್ಲಿ ಎಲುಬಿ, ಸಾಕಷ್ಟು ದೂರದಲ್ಲಿ ವಿಟುಂಬಿಕೊ, ಹಿಂದೆ ತಾಯಿಯ ತೋಳು ಹಿಡಿದ ಲುಸುಂಗು. ವಾಟಿಪಾಸೊ ಶೀಶೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಡೆದದ್ದೆಲ್ಲವನ್ನೂ ಹೇಳಿದ. ಯಾರೂ ತಲೆದೂಗಲಿಲ್ಲ.

“ಶೀಶೆ ತೋರ್ಸೋದು ದೊಡ್ಡ ಮಾತಲ್ಲಣ್ಣ,” ಎಂದಳು ಎಲುಬಿ. “ನೀರು ಅಷ್ಟು ಚೆನ್ನಾಗಿದ್ರೆ ನಮ್ಮೆದುರಿಗೆ ಕುಡಿ.”

ಇವತ್ತೊಂದೇ ದಿನ ಅವನಿಗೆ ಯಾರ ಭಯವೂ ಇರಲಿಲ್ಲ. ತನ್ನಿ, ಒಂದು ಹೂಜಿಯಷ್ಟು ತನ್ನಿ ಎಂದ.

ಹೂಜಿ ಆಗಲೇ ಬಂದಿತ್ತು. ನ್ಯಾಸೊಕೊ ಜನರ ನಡುವೆ ದಾರಿ ಮಾಡಿಕೊಂಡು ಬಂದು, ಮಂಡಿಯೂರಿ, ಮುಖವನ್ನು ಆಚೆ ತಿರುಗಿಸಿ, ಎರಡೂ ಕೈಯಲ್ಲಿ ಹೂಜಿ ಚಾಚಿದರು. ವಾಟಿಪಾಸೊ ಮುಖವನ್ನು ಈಚೆ ತಿರುಗಿಸಿ, ಎರಡೂ ಕೈಯಲ್ಲಿ ತೆಗೆದುಕೊಂಡ. ಅತ್ತೆ ತಾವಾಗಿ ಬಂದು ಊರೆದುರು ತನ್ನ ಮಾನ ಕಾಯುತ್ತಿದ್ದಾರೆಂದು ಅವನು ತಲೆ ಬಾಗಿಸಿದ. ನಿಲ್ಲಿಸದೆ ಗಟಗಟ ಕುಡಿದು, ಹೂಜಿಯನ್ನು ತಲೆಕೆಳಗು ಮಾಡಿ ತೋರಿಸಿದ. ಒಂದು ಹನಿಯೂ ಬೀಳಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಲುಸುಂಗು ಕಣ್ಣು ಒರೆಸಿಕೊಂಡು ನಕ್ಕಳು.

ಅಧ್ಯಕ್ಷರೂ ಮೆತ್ತಗಾಗಿ, ಕೋಟಿನ ಜೇಬಿನಿಂದ ಬೀಗದ ಕೈಯ ಗೊಂಚಲು ತೆಗೆದರು.

“ಸರಿ ಹಾಗಾದ್ರೆ. ನಿನ್ನನ್ನ ಡೋಲಿ ಮೇಲೆ ಹೊತ್ಕೊಂಡ್ ಹೋದ ಕೂಡ್ಲೇ ಊರಿನ ಎಲ್ಲಾ ನಲ್ಲೀನೂ ಮುಚ್ಚಿಸಿದ್ದೆ. ಈಗ ಹೋಗಿ ತೆಗೆಸ್ತೀನಿ.”

ವಾಟಿಪಾಸೊ ಖಾಲಿ ಹೂಜಿಯನ್ನು ನೋಡಿದ. ಕೇಳಬೇಕಾದವರು ಎದುರಿಗೇ ಇದ್ದರು, ಕೇಳುವಂತಿರಲಿಲ್ಲ. ಅವನು ಡೇರೆಯ ಗೂಟದ ಕಡೆ ತಿರುಗಿ, ಈ ನೀರು ಎಲ್ಲಿಯದು ಎಂದು ಸಣ್ಣ ದನಿಯಲ್ಲಿ ಕೇಳಿದ.

ನ್ಯಾಸೊಕೊ ಅದೇ ಗೂಟಕ್ಕೆ ಹೆಮ್ಮೆಯಿಂದ ಉತ್ತರ ಕೊಟ್ಟರು.

“ನಮ್ಮ ಅಳಿಯಂದಿರಿಗೆ ಹೇಳಪ್ಪ, ಹೆದರ್ಕೋಬೇಡಿ ಅಂತ. ಆ ಹಾಳು ನಲ್ಲಿ ನೀರಲ್ಲ. ಕತ್ತಲಿರೋವಾಗ್ಲೇ ಎದ್ದು ನಾನೇ ಹೋಗಿ ಸರೋವರದಿಂದ ತಂದಿದ್ದು.”

ಚಪ್ಪಾಳೆ ತಟ್ಟಿದವರೆಲ್ಲ ಮೆಲ್ಲಗೆ ಹಿಂದೆ ಸರಿದರು. ನರ್ಸು ಚಾವುಲಾ ಡೇರೆಯ ಪರದೆಯನ್ನು ಎತ್ತಿ ಹಿಡಿದರು.