ಬಾಮೈದನ ಹೆಸರಿನ ಮಿಕ್ಸಿ

ಪುಟ್ಟಸಿದ್ದಯ್ಯನಿಗೆ ಬೇಕಾಗಿದ್ದುದು ಮೂರು ಸಾವಿರದ ಮಿಕ್ಸಿ. ಬೇಡವಾಗಿದ್ದುದು ಅದರ ಬಾಲ ಹಿಡಿದು ಬರುವ ಐನೂರ ನಲವತ್ತು ರೂಪಾಯಿ ಟ್ಯಾಕ್ಸು. ಒರಳು ತಿರುಗಿಸಿ ರಟ್ಟೆ ಬಿದ್ದುಹೋದ ಹೆಂಡತಿ ಶಿವನಂಜಮ್ಮ, ಮಿಕ್ಸಿ ಬರುವವರೆಗೆ ಮನೆಯಲ್ಲಿ ಚಟ್ನಿ ಇಲ್ಲವೆಂದು ಸಾರಿ ಹದಿನೈದು ದಿನವಾಗಿತ್ತು.

ದಾರಿ ತೋರಿಸಿದವನು ಪಕ್ಕದ ಮನೆಯ ದೊಡ್ಡಸಿದ್ದಯ್ಯ. ಒಂದು ಕಾಲಕ್ಕೆ ಚೆಕ್‌ಪೋಸ್ಟಿನಲ್ಲಿ ಗೇಟು ಎತ್ತುತ್ತಿದ್ದವನು. ಕಾನೂನೆಲ್ಲ ತನ್ನ ಕೈಕೆಳಗೇ ಹಾದುಹೋಗಿದೆ ಎಂಬ ನಂಬಿಕೆ ಅವನಿಗೆ.

"ಆನ್‌ಲೈನ್ ಮಾಲು ಗಡಿ ದಾಟುದ್ರೆ ತಾನೆ ಟ್ಯಾಕ್ಸು? ಅಂಗ್ಡಿ ಕೊಯಮತ್ತೂರ್ದು. ನಿನ್ ಬಾಮೈದ ಬಸವಣ್ಣ ಇರದು ಬರಗೂರಲ್ಲಿ. ಎರಡೂ ತಮಿಳ್ನಾಡೇ. ಅವನ ಹೆಸ್ರಿಗೆ ತರ್ಸಿ, ತೊಡೆ ಮ್ಯಾಲಿಟ್ಕಂಡು ಬಸ್ಸತ್ಕಂಡ್ ಬಾ. ಯಾವೋನ್ ಕೇಳಾನು?"

ಪುಟ್ಟಸಿದ್ದಯ್ಯ ಫೋನಿನಲ್ಲೂ ಮಿತವ್ಯಯಿ. "ನಿನ್ ಹೆಸ್ರಿಗೆ ಒಂದ್ ಸಾಮಾನು ಬತ್ತದೆ. ನಾನೇ ಬಂದು ಕಾಸ್ ಕೊಡ್ತೀನಿ," ಎಂದಷ್ಟೇ ಬಸವಣ್ಣನಿಗೆ ಹೇಳಿ ಇಟ್ಟ. ಪಾರ್ಸೆಲ್ ಬರುವ ದಿನ ಬೆಳಿಗ್ಗೆಯೇ ಗಡಿಯ ಈಚೆಗಿನ ತನ್ನೂರು ರಾಮಾಪುರದಲ್ಲಿ ಬಸ್ಸು ಹತ್ತಿದ.

ಬರಗೂರಿನ ಸ್ಟಾಪಿನಲ್ಲಿ ಡೆಲಿವರಿಯವನು ಕೈಚಾಚಿದ. "ಮೂರು ಸಾವಿರದ ಐನೂರ ನಲವತ್ತು ಸಾರ್."

"ಗಡಿನೇ ದಾಟಿಲ್ವಲ್ಲಪ್ಪ!"

"ದಾಟುದ್ರೆ ಒಂದೇ ಏಟ್ಗೆ ಹದಿನೆಂಟು ಪರ್ಸೆಂಟು. ದಾಟ್ದಿದ್ರೆ ಸೆಂಟ್ರಲ್‌ಗೆ ಒಂಬತ್ತು, ಸ್ಟೇಟ್‌ಗೆ ಒಂಬತ್ತು. ಕೂಡ್ಕಳಿ ಸಾರ್."

ಪುಟ್ಟಸಿದ್ದಯ್ಯ ಎರಡು ಸಲ ಕೂಡಿದ. ಎರಡು ಸಲವೂ ಹದಿನೆಂಟೇ ಬಂತು. ವಾಪಸು ಹೋಗಲು ಇಟ್ಟುಕೊಂಡಿದ್ದ ದುಡ್ಡನ್ನೂ ಸೇರಿಸಿ ಕೊಟ್ಟು, ಬಸ್ ಚಾರ್ಜಿಗೆ ಬಾಮೈದನೇ ಗತಿಯೆಂದು ಡಬ್ಬ ಹೊತ್ತು ನಡೆದ.

ಡಬ್ಬವನ್ನು ಜಗುಲಿಯ ಮೇಲಿಟ್ಟು ಕಾಲು ತೊಳೆದು ಬರುವಷ್ಟರಲ್ಲಿ ಬಸವಣ್ಣನ ಹೆಂಡತಿ ಮಹದೇವಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಿಚ್ಚಿ, ಕಾಯಿ ತುರಿದು ಹಾಕಿಯಾಗಿತ್ತು.

"ನಮ್ಮನೆಯವ್ರ ಹೆಸ್ರನ್ನೇ ಬರ್ಸಿದ್ದೀರಲ್ಲಣ್ಣ! ಇಪ್ಪತ್ ವರ್ಸಕ್ಕೆ ಈ ತಂಗಿ ಗ್ಯಾನ ಬಂತಲ್ಲ ನಿಮ್ಗೆ!" ಅವಳ ಕಣ್ಣಲ್ಲಿ ನೀರು.

ಇದು ನನ್ನದು ಎನ್ನಲು ಪುಟ್ಟಸಿದ್ದಯ್ಯ ಬಾಯಿ ತೆರೆದ. ಕುಂಕುಮ ಹಚ್ಚಿದ್ದನ್ನು ವಾಪಸು ಕೇಳುವುದುಂಟೆ? ತೆರೆದ ಬಾಯಿಗೆ ಅವಳು ಬಡಿಸಿದ ದೋಸೆ ಇಟ್ಟುಕೊಂಡ. ಚಟ್ನಿ ಬಹಳ ಚೆನ್ನಾಗಿತ್ತು. ಅದೇ ಅವನ ಹೊಟ್ಟೆ ಉರಿಸಿತು.

ಸಂಜೆ ಬಾಮೈದನ ಸಾಲದಲ್ಲಿ ಬಸ್ಸಿಳಿದು, ಬರಿಗೈಲಿ ಅಳುಕುತ್ತ ಮನೆಗೆ ಬಂದರೆ ಬಾಗಿಲಲ್ಲಿ ಶಿವನಂಜಮ್ಮ ನಗುತ್ತಿದ್ದಳು. ತಮ್ಮನ ಫೋನು ಬಂದಿತ್ತು.

"ನನ್ ತವರಿಗೆ ಮಿಕ್ಸಿ ಕೊಟ್ರಂತಲ್ಲ! ನಿಮ್ಮನ್ನ ಜಿಪುಣ ಅಂತಿದ್ದೆ, ತಪ್ಪಾಯ್ತು ಕಣ್ರಿ."

ಪುಟ್ಟಸಿದ್ದಯ್ಯ ಮದುವೆಯಾದ ಮೇಲೆ ಮೊದಲ ಸಲ ನೆಮ್ಮದಿಯಾಗಿ ಉಸಿರುಬಿಟ್ಟ.

"ಆದ್ರೆ ಕೊಳ್ಳೇಗಾಲ್ದಲ್ಲಿರೋ ನಮ್ಮಣ್ಣಂಗೆ ಬೇಜಾರಾಯ್ತದೆ. ನಾಳೆ ಅವನ ಹೆಸ್ರಿಗೂ ಒಂದು ತರ್ಸಿ. ನಮ್ದು ಆಮೇಲ್ ನೋಡ್ಕಳಣ."

"ಚಟ್ನಿ?"

"ನಮ್ ಮಿಕ್ಸಿ ಬಂದ್ಮೇಲೆ."

ಪುಟ್ಟಸಿದ್ದಯ್ಯ ಜಗುಲಿಯ ಮೇಲೆ ಕುಳಿತು ಯೋಚಿಸಿದ. ಕೊಳ್ಳೇಗಾಲವೆಂದರೆ ಈ ಸಲ ಮಾಲು ಗಡಿ ದಾಟಬೇಕು. ಒಂದೇ ಏಟಿಗೆ ಹದಿನೆಂಟು.