ಆ ಸಿನಿಮಾ ಬಗ್ಗೆ ಎಲ್ಲರದೂ ಎರಡು ಮಾತು

ತಾನು ನೋಡದ ಸಿನಿಮಾವನ್ನು ಊರಿಗೆಲ್ಲ ತೋರಿಸಬಾರದು. ಇಷ್ಟು ಸಣ್ಣ ವಿಷಯ ನನಗೆ ಗೊತ್ತಿರಲಿಲ್ಲ. ನೋಡಿದವರ ಅಭಿಪ್ರಾಯ ಓದಿದರೆ ಸಾಕು ಅಂದುಕೊಂಡೆ. ಅದರಲ್ಲೂ ಪ್ರತಿ ಅಭಿಪ್ರಾಯದ ಮೊದಲ ಸಾಲು ಮಾತ್ರ ಓದಿದೆ. ಪರಿಣಾಮವಾಗಿ, ಒಂದು ಶನಿವಾರ ಸಂಜೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಮರ್ಯಾದಸ್ಥ ಕನ್ನಡಿಗರೆಲ್ಲ ಪುಳಿಯೋಗರೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಇಂಗ್ಲೆಂಡಿನ ಒಬ್ಬ ಪ್ಲಂಬರ್ ಶರ್ಟು ಬಿಚ್ಚುವುದನ್ನು ನೋಡಬೇಕಾಯಿತು. ಅವನು ಶರ್ಟಿಗೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಾನು ಹಾರ್ನ್‌ಬಿಯ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಅದು ಹೊಟ್ಟೆಪಾಡು. ಒಳಗೊಳಗೆ ನಾನು ನಿರ್ದೇಶಕ. ಈ ಸಂಗತಿ ಸದ್ಯಕ್ಕೆ ನನಗೆ ಮತ್ತು ನನ್ನ ಫ್ಲಾಟ್‌ಮೇಟ್ ಇಮ್ರಾನನಿಗೆ ಮಾತ್ರ ಗೊತ್ತು. ಅವನಿಗೂ ಅನುಮಾನವಿದೆ. ಇಮ್ರಾನ್ ಹುಬ್ಬಳ್ಳಿಯವನು, ಮಾರಾಟಕ್ಕಿರುವ ಮನೆಗಳ ವಿಡಿಯೊ ತೆಗೆಯುವುದು ಅವನ ಕೆಲಸ. ಹೀಗಾಗಿ ಎದುರಿಗೆ ಮನುಷ್ಯ ನಿಂತಿದ್ದರೂ ಅವನ ಕ್ಯಾಮೆರಾ ತನ್ನಷ್ಟಕ್ಕೆ ಪಕ್ಕಕ್ಕೆ ಸರಿದು ಅಡುಗೆಮನೆಯ ಕಪಾಟು ತೋರಿಸಿ ಬರುತ್ತದೆ.

ನಾವಿಬ್ಬರೂ ಸೇರಿ ಒಂದು ಕನ್ನಡ ಕಿರುಚಿತ್ರ ಮಾಡಲು ಹೊರಟಿದ್ದೆವು. ಕಥೆ ನನ್ನದು, ನಿರ್ದೇಶನ ನನ್ನದು, ನಾಯಕನೂ ನಾನೇ. ಕಥೆಯಲ್ಲಿ ಒಬ್ಬ ಯುವಕ ತನ್ನನ್ನು ತಾನು ಹುಡುಕುತ್ತಾನೆ. ಮೊದಲ ದೃಶ್ಯದಲ್ಲಿ ಕಚ್ಚೆಪಂಚೆ ಉಟ್ಟು ಹುಡುಕುತ್ತಾನೆ. ಆಮೇಲೆ ಸೂಟು ತೊಟ್ಟು ಹುಡುಕುತ್ತಾನೆ. ಆಮೇಲೆ ರೇಷ್ಮೆ ಜುಬ್ಬಾ. ಕ್ಲೈಮ್ಯಾಕ್ಸಿನಲ್ಲಿ ಜರಿ ಶಲ್ಯ, ಮೈಸೂರು ಪೇಟ. ಅಷ್ಟು ಹೊತ್ತಿಗೂ ಸಿಗುವುದಿಲ್ಲ. ಬಟ್ಟೆಗಳನ್ನೆಲ್ಲ ಊರಿನಿಂದ ತರಿಸಿ, ಇಸ್ತ್ರಿ ಮಾಡಿ, ನನ್ನ ಮಂಚದ ಮೇಲೆ ಹರಡಿಟ್ಟಿದ್ದೆ. ನಾನು ಸೋಫಾದ ಮೇಲೆ ಮಲಗುತ್ತಿದ್ದೆ. ಬಾಕಿ ಉಳಿದದ್ದು ಚಿತ್ರೀಕರಣಕ್ಕೆ ಒಂದು ಮನೆ ಮತ್ತು ನಾಯಕನಿಗೆ ಒಬ್ಬ ತಾಯಿ. ಎರಡೂ ಇದ್ದದ್ದು ನಾಗಭೂಷಣ ಅಂಕಲ್ ಹತ್ತಿರ.

ನಾಗಭೂಷಣ ಅಂಕಲ್ ಇಲ್ಲಿನ ನಮ್ಮ ಪುಟ್ಟ ಕನ್ನಡ ಬಳಗದ ಅಧ್ಯಕ್ಷರು. ಅವರ ಮನೆಯಲ್ಲಿ ಗೋಡೆಯಷ್ಟು ದೊಡ್ಡ ಕಿಟಕಿ ಇದೆ, ಇಡೀ ದಿನ ಬೆಳಕು. ಅವರ ಹೆಂಡತಿ ವಸಂತಾ ಆಂಟಿ ಮೈಸೂರಿನಲ್ಲಿ ಕಾಲೇಜು ಕಾಲಕ್ಕೆ ನಾಟಕ ಮಾಡಿ ಬಹುಮಾನ ಗೆದ್ದವರು. ನಾನು ಬರೆದ ಕಥೆಯನ್ನು ಅವರಿಗೆ ಕೊಟ್ಟು ಬಂದಿದ್ದೆ. ಓದಿ ಹೇಳುತ್ತೇನೆ ಅಂದವರು ಏನೂ ಹೇಳಿರಲಿಲ್ಲ. ಮಾತು ಬರದಷ್ಟು ಹಿಡಿಸಿರಬೇಕು ಎಂದುಕೊಂಡಿದ್ದೆ.

ಅಂಕಲ್‌ಗೆ ಮಾತ್ರ ಒಂದೇ ಅನುಮಾನ. ಅನುಭವವೇ ಇಲ್ಲದವರು ಸಿನಿಮಾ ಹೇಗೆ ಮಾಡುತ್ತಾರೆ? ನಾನು ಅಲ್ಲೇ ಒಂದು ಉಪಾಯ ಹೂಡಿದೆ. ನಮ್ಮ ಬಳಗದವರು ತಿಂಗಳಿಗೊಮ್ಮೆ ರಿಕ್ಕರ್ಟನ್ನಿನ ಒಂದು ಹಾಲ್‌ನಲ್ಲಿ ಸೇರಿ, ಊಟ ಮಾಡುತ್ತಾ ಸಿನಿಮಾ ನೋಡುವುದುಂಟು. ಈ ಸಲದ ಸಿನಿಮಾ ನಾನು ಆರಿಸುತ್ತೇನೆ, ಏನೂ ಗೊತ್ತಿಲ್ಲದ ಸಾಮಾನ್ಯ ಜನ ಸಿನಿಮಾ ಮಾಡುವ ಕಥೆಯನ್ನೇ ಹಾಕುತ್ತೇನೆ, ಅದನ್ನು ನೋಡಿ ನೀವೇ ತೀರ್ಮಾನಿಸಿ ಎಂದೆ.

"ಆಯ್ತಪ್ಪ, ನೋಡಿ ಹೇಳ್ತೀನಿ" ಎಂದರು ಅಂಕಲ್.

ಅಂದರೆ ನನ್ನ ಸಿನಿಮಾದ ಹಣೆಬರಹ ಇನ್ನೊಂದು ಸಿನಿಮಾದ ಕೈಗೆ ಹೋಯಿತು.

ಗೋದಾಮಿನ ಊಟದ ಬಿಡುವಿನಲ್ಲಿ ಫೋನಿನಲ್ಲಿ ಹುಡುಕಿದೆ. ಸಿಕ್ಕೇಬಿಟ್ಟಿತು! ಕಡಿಮೆ ಖರ್ಚಿನ ಬ್ರಿಟಿಷ್ ಕಾಮಿಡಿ. ಒಂದು ಸಣ್ಣ ಊರಿನ ನಾಟಕ ಸಂಘ, ಸೋರುವ ಛಾವಣಿ, ರಿಪೇರಿಗೆ ದುಡ್ಡಿಲ್ಲ, ಎಲ್ಲರೂ ಸೇರಿ ಸಿನಿಮಾ ತೆಗೆಯುತ್ತಾರೆ. ಕೆಳಗೆ ನೋಡಿದವರ ಅಭಿಪ್ರಾಯಗಳು. ಒಬ್ಬರು, ಇಡೀ ಕುಟುಂಬ ಒಟ್ಟಿಗೆ ಕೂತು ನೋಡುವಂಥದ್ದು ಎಂದು ಶುರು ಮಾಡಿದ್ದರು. ಇನ್ನೊಬ್ಬರು, ಇಂಥ ಧೈರ್ಯ ನಮ್ಮೂರಿನ ಸಂಘಕ್ಕೂ ಬರಲಿ ಎಂದಿದ್ದರು. ಪ್ರತಿಯೊಂದರ ಕೊನೆಗೂ 'ಇನ್ನಷ್ಟು ಓದಿ' ಎಂಬ ನೀಲಿ ಅಕ್ಷರ ಇತ್ತು. ಹೊಗಳಿಕೆಯನ್ನು ಎಷ್ಟು ಅಂತ ಓದುವುದು? ಮೂಲೆಯಲ್ಲಿ ಇಷ್ಟು ವಯಸ್ಸಾದವರಿಗೆ ಮಾತ್ರ ಎಂಬ ಕೆಂಪು ಗುರುತು ಕೂಡ ಇತ್ತು. ಇಂಗ್ಲಿಷರು ಮಾತಿಗೊಂದು ಬೈಗುಳ ಸೇರಿಸುತ್ತಾರಲ್ಲ, ಅದಕ್ಕಿರಬೇಕು ಎಂದುಕೊಂಡು ದುಡ್ಡು ಕಟ್ಟಿದೆ.

"ನೋಡೀ ಏನ್ಲೇ ನೀ ಇದನ್ನ?" ಎಂದು ಇಮ್ರಾನ್ ಕೇಳಿದ.

ಅಷ್ಟೊಂದು ಜನ ನೋಡಿ ಬರೆದಿರುವಾಗ ನಾನು ಬೇರೆ ಯಾಕೆ ನೋಡಬೇಕು ಎಂದೆ. ಪೇಟಕ್ಕೆ ಜರಿ ಹೊಲಿಯುವುದಿತ್ತು.

ಶನಿವಾರ ಹಾಲ್ ತುಂಬಿತು. ಇಂಗ್ಲಿಷ್ ಸಿನಿಮಾ, ಹಾಡಿಲ್ಲ, ಫೈಟಿಲ್ಲ ಎಂದು ಗೊತ್ತಾಗಿ ಮಕ್ಕಳೆಲ್ಲ ಪಕ್ಕದ ರೂಮಿಗೆ ಆಡಲು ಹೋದರು. ನನ್ನ ಜಾತಕದಲ್ಲಿ ಅವತ್ತು ಸರಿಯಾಗಿದ್ದ ಗ್ರಹ ಅದೊಂದೇ. ಮುಂದಿನ ಸಾಲಿನಲ್ಲಿ ಅಂಕಲ್, ಆಂಟಿ, ಮತ್ತು ಮೈಸೂರಿನಿಂದ ಬಂದಿದ್ದ ಆಂಟಿಯ ತಾಯಿ. ಅಜ್ಜಿ ಇಲ್ಲಿಗೆ ಬಂದ ದಿನದಿಂದ ಚಳಿ ಚಳಿ ಎನ್ನುತ್ತಾ ಎರಡು ಸ್ವೆಟರ್, ಒಂದು ಶಾಲು, ಮಂಕಿಕ್ಯಾಪಿನ ಒಳಗೇ ವಾಸವಾಗಿದ್ದರು.

ಸಿನಿಮಾ ಶುರುವಾಯಿತು. ಮಳೆ, ಸೋರುವ ಛಾವಣಿ, ಕೆಳಗಿಟ್ಟ ಬಕೆಟ್ಟು. ಎಲ್ಲರೂ ನಕ್ಕರು. ಅಂಕಲ್ ಹಿಂದಕ್ಕೆ ತಿರುಗಿ ನನ್ನ ಕಡೆ ನೋಡಿ ತಲೆಯಾಡಿಸಿದರು. ಆ ತಲೆಯಾಟದಲ್ಲಿ ನನಗೆ ಅವರ ಮನೆಯ ಕಿಟಕಿ ಕಾಣಿಸಿತು. ಮುಂದೆ ಸಂಘದವರು ಸಭೆ ಸೇರಿದರು. ಯಾವ ಥರದ ಸಿನಿಮಾ ತೆಗೆದರೆ ಬೇಗ ದುಡ್ಡು ಬರುತ್ತದೆ ಎಂಬ ಚರ್ಚೆ ನಡೆಯಿತು. ಲೈಬ್ರರಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಎದ್ದು ಒಂದು ಸಲಹೆ ಕೊಟ್ಟಳು. ಸಭೆ ಅದನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಮುಂದಿನ ದೃಶ್ಯದಲ್ಲಿ ಪ್ಲಂಬರ್ ಬಂದ.

ಚಮಚಗಳು ತಟ್ಟೆಗೆ ತಾಗುವ ಸದ್ದೂ ನಿಂತಿತು. ಎದ್ದು ಹೋದರೆ ಅರ್ಥವಾಯಿತು ಎಂದಾಗುತ್ತದೆ, ಕೂತಿದ್ದರೆ ಇಷ್ಟವಾಯಿತು ಎಂದಾಗುತ್ತದೆ. ಎಲ್ಲರೂ ಪುಳಿಯೋಗರೆಯಲ್ಲಿ ಕಡಲೆಬೀಜ ಹುಡುಕತೊಡಗಿದರು.

ನಾನು ಹಿಂದೆ ಲ್ಯಾಪ್‌ಟಾಪ್ ಹತ್ತಿರ ಇದ್ದೆ. ಮರ್ಯಾದೆ ಉಳಿಸಲು ತಕ್ಷಣ ಪಾಜ್ ಬಟನ್ ಒತ್ತಿದೆ. ಅಲ್ಲೇ ಕೆಟ್ಟೆ! ಓಡುವಾಗ ಅರೆಗಳಿಗೆ ಕಂಡು ಮಾಯವಾಗಬೇಕಿದ್ದ ದೃಶ್ಯ ಶಾಶ್ವತವಾಗಿ ನಿಂತುಬಿಟ್ಟಿತು. ಪರದೆಯ ತುಂಬಾ ನಾಟಕ ಸಂಘದ ಖಜಾಂಚಿ. ದೊಡ್ಡ ಆಳು. ಅವನಿಗೂ ಲೋಕಕ್ಕೂ ನಡುವೆ ಒಂದು ಹೂಕುಂಡ, ಅಷ್ಟೇ. ಲ್ಯಾಪ್‌ಟಾಪ್ ಹಿಂದಕ್ಕೂ ಹೋಗದು, ಮುಂದಕ್ಕೂ ಹೋಗದು. ಕುಂಡದ ಮೇಲೆ ಒಂದು ಬಿಳಿ ಚಕ್ರ ನಿಧಾನವಾಗಿ ಸುತ್ತುತ್ತಾ, ನೋಡದೆ ಇದ್ದವರ ಕಣ್ಣನ್ನೂ ಅಲ್ಲಿಗೇ ಎಳೆಯುತ್ತಿತ್ತು.

ಆಗ ಅಜ್ಜಿಯ ದನಿ ಕೇಳಿಸಿತು. "ಅದು ಯಾವ ಗಿಡ ವಸಂತಾ?"

"ಜೆರೇನಿಯಂ ಅಮ್ಮ" ಎಂದರು ಆಂಟಿ. ಆಮೇಲೆ ತಿರುಗದೆಯೇ ನನಗೆ ಹೇಳಿದರು, "ಚೇತನ್, ನಿಲ್ಲಿಸ್ಬೇಡಪ್ಪ. ಮುಂದಕ್ಕೆ ಹೋಗ್ಲಿ."

ಯಾವ ಬಟನ್ನಿಗೂ ಜಗ್ಗದ ಲ್ಯಾಪ್‌ಟಾಪ್ ಆಂಟಿಯ ಮಾತು ಕೇಳಿತು. ಸಿನಿಮಾ ಮುಂದಕ್ಕೆ ಹೋಯಿತು. ಆದರೆ ಮುಂದೆ ಇನ್ನೂ ಹೆಚ್ಚಿನದಿತ್ತು. ಇಮ್ರಾನ್ ದೀಪ ಹಾಕಲು ಓಡಿದ. ಗಾಬರಿಯಲ್ಲಿ ಉರಿಯುತ್ತಿದ್ದ ಒಂದೇ ಒಂದು ದೀಪವನ್ನೂ ಆರಿಸಿದ. ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಕೊನೆಗೆ ಅವನು ಪರದೆಯ ಮುಂದೆ ಕೈ ಅಗಲಿಸಿ ನಿಂತ. ಅವತ್ತು ಅವನು ಹಾಕಿದ್ದು ಬಿಳಿ ಜುಬ್ಬಾ. ಲೈಬ್ರರಿಯ ಹೆಂಗಸು ಪರದೆಯಿಂದ ಇಳಿದು ಅವನ ಹೊಟ್ಟೆಯ ಮೇಲೆ ನಟಿಸತೊಡಗಿದಳು. ಅವನು ಬಗ್ಗಿ ನೋಡಿಕೊಂಡ, ಬೆಚ್ಚಿಬಿದ್ದ, ಪಕ್ಕಕ್ಕೆ ಹಾರಿದ, ಪ್ರೊಜೆಕ್ಟರಿನ ವೈರ್ ಎಡವಿದ. ಎಲ್ಲ ಆರಿಹೋಯಿತು. ಛಾವಣಿ ರಿಪೇರಿ ಅರ್ಧಕ್ಕೇ ನಿಂತಿತು.

ದೀಪ ಹತ್ತಿತು. ಇನ್ನೇನು ಎಲ್ಲರೂ ಡಬ್ಬಿ ಎತ್ತಿಕೊಂಡು ಮನೆಗೆ ಹೋಗುತ್ತಾರೆ, ನಾನೂ ಅಡ್ರೆಸ್ ಬದಲಾಯಿಸಿ ಬದುಕಿಕೊಳ್ಳುತ್ತೇನೆ ಎಂದುಕೊಂಡೆ. ಆಗ ಅಂಕಲ್ ಮೈಕ್ ಹಿಡಿದು ಎದ್ದು ನಿಂತರು. ನಮ್ಮ ಬಳಗದಲ್ಲಿ ಒಂದು ಪದ್ಧತಿಯಿದೆ. ಯಾವ ಕಾರ್ಯಕ್ರಮ ಆದರೂ ಕೊನೆಗೆ ಹಿರಿಯರೆಲ್ಲ ಎದ್ದು ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಅಂಕಲ್ ತಮ್ಮ ಅಧ್ಯಕ್ಷಗಿರಿಯಲ್ಲಿ ಈ ಪದ್ಧತಿ ತಪ್ಪಿಸಿದವರಲ್ಲ. ತಪ್ಪಿಸಿದರೆ ಯಾಕೆ ತಪ್ಪಿಸಿದೆವು ಎಂಬ ಪ್ರಶ್ನೆ ಬರುತ್ತದಲ್ಲ!

ಮೊದಲು ಮೈಕ್ ಹೋದದ್ದು ಶಂಕರ್ ಅಂಕಲ್ ಕೈಗೆ. ಅವರು ಕಟ್ಟಡಗಳ ಎಂಜಿನಿಯರ್. ಸಿನಿಮಾದ ಛಾವಣಿಯ ತೊಲೆ ಬಹಳ ತೆಳು, ಭೂಕಂಪಕ್ಕೆ ನಿಲ್ಲುವುದಿಲ್ಲ, ನಮ್ಮೂರಲ್ಲಾದರೆ ಕೌನ್ಸಿಲ್‌ನವರು ಒಪ್ಪುವುದೇ ಇಲ್ಲ ಎಂದು ದೀರ್ಘವಾಗಿ ವಿವರಿಸಿದರು. ಇಡೀ ಸಿನಿಮಾದಲ್ಲಿ ಅವರು ತೊಲೆ ಬಿಟ್ಟು ಬೇರೇನೂ ನೋಡಿಲ್ಲ ಎಂಬುದಕ್ಕೆ ಅವರ ಹೆಂಡತಿ ರೂಪಾ ಆಂಟಿ ಸಾಕ್ಷಿ. ಅವರು ಕಿಟಕಿಯ ಕರ್ಟನ್ ಬಣ್ಣ ಚೆನ್ನಾಗಿತ್ತು, ಅಂಥದ್ದು ಇಲ್ಲಿ ಎಲ್ಲೂ ಸಿಗುವುದಿಲ್ಲ ಎಂದು ಹೇಳಿ ಕೂತರು. ಮೈಕ್ ಅಜ್ಜಿಯ ಹತ್ತಿರ ಬಂತು.

"ಪಾಪ, ಆ ಮಕ್ಕಳಿಗೆ ಎಷ್ಟು ಚಳಿ ಆಗಿರ್ಬೇಕು" ಎಂದರು ಅಜ್ಜಿ. "ಯಾರಾದ್ರೂ ಒಂದು ಹೀಟರ್ ಇಡಬಾರದಿತ್ತಾ?"

ಕೊನೆಗೆ ಅಧ್ಯಕ್ಷರು. ನನ್ನ ಮನೆ, ನನ್ನ ತಾಯಿ, ನನ್ನ ಪೇಟ ಎಲ್ಲವೂ ಅವರ ಬಾಯಲ್ಲಿತ್ತು. ಸಹಕಾರ ಒಂದಿದ್ದರೆ ಜನ ಏನು ಬೇಕಾದರೂ ಮಾಡುತ್ತಾರೆ ಎಂದು ಇವತ್ತು ಕಣ್ಣಾರೆ ಕಂಡೆವು ಎಂದು ಹೇಳಿ, ಹಾಲ್ ಗುಡಿಸಿದವರಿಗೆ ಧನ್ಯವಾದ ಅರ್ಪಿಸಿ ಮುಗಿಸಿದರು. ಇದು ಹೌದೋ ಅಲ್ಲವೋ? ಹೊಗಳಿದರೋ ಉಗಿದರೋ? ಯಾರಾದರೂ ಎರಡು ಬೈದಿದ್ದರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಆ ಅಭಿಪ್ರಾಯಗಳನ್ನು ಮತ್ತೆ ತೆಗೆದು, ಈ ಸಲ 'ಇನ್ನಷ್ಟು ಓದಿ' ಒತ್ತಿದೆ. ಮೊದಲನೆಯದರಲ್ಲಿ, ಇಡೀ ಕುಟುಂಬ ಒಟ್ಟಿಗೆ ಕೂತು ನೋಡುವಂಥದ್ದು ಅಂದುಕೊಂಡು ಅತ್ತೆ ಮಾವನನ್ನು ಕರೆದೆ, ಅವತ್ತಿನಿಂದ ಅವರು ನಮ್ಮ ಮನೆಗೆ ಬಂದಿಲ್ಲ, ಐದು ಸ್ಟಾರ್ ಎಂದಿತ್ತು.

"ಇನ್ನ ಆ ಪೇಟಾ ಮಡಚಿ ಇಡು ಲೇ" ಎಂದ ಇಮ್ರಾನ್, ಜುಬ್ಬಾ ಒಗೆಯಲು ಹಾಕುತ್ತಾ. "ನಿನ್ನ ಪಿಕ್ಚರ್ ಮುಗೀತು."

ಆದರೆ ಮುಂದಿನ ದಿನಗಳಲ್ಲಿ ನನ್ನ ಗೊಂದಲ ಕಡಿಮೆಯಾಗುವ ಬದಲು ಹೆಚ್ಚಾಯಿತು. ಮೊದಲು ಶಂಕರ್ ಅಂಕಲ್ ಫೋನ್ ಮಾಡಿ ಆ ಸಿನಿಮಾದ ಹೆಸರು ಕೇಳಿದರು. ತಪ್ಪಿ ಯಾರಿಗೂ ಶಿಫಾರಸು ಮಾಡಬಾರದಲ್ಲ, ಅದಕ್ಕೆ ಅಂತೆ. ಸ್ವಲ್ಪ ಹೊತ್ತಿಗೆ ರೂಪಾ ಆಂಟಿ ಪ್ರತ್ಯೇಕವಾಗಿ ಫೋನ್ ಮಾಡಿ, ಕರ್ಟನ್ ಇನ್ನೊಮ್ಮೆ ನೋಡಬೇಕಿತ್ತು ಎಂದರು, ಶಂಕರ್ ಅಂಕಲ್‌ಗೆ ಹೇಳಬೇಡ ಎಂದೂ ಸೇರಿಸಿದರು. ಹೀಗೆ ಒಬ್ಬೊಬ್ಬರಾಗಿ ಬಳಗದ ಅರ್ಧಕ್ಕಿಂತ ಹೆಚ್ಚು ಜನ ಕೇಳಿದರು. ಒಬ್ಬೊಬ್ಬರಿಗೂ ಎಚ್ಚರಿಕೆಯ ಒಂದೊಂದು ಕಾರಣ. ಎಲ್ಲರ ಮಾತಿನ ತುದಿಯಲ್ಲೂ ಒಂದೇ ಪ್ರಶ್ನೆ, ಕೊನೆಗೆ ಆ ಛಾವಣಿ ಏನಾಯಿತು? ನನಗೇನು ಗೊತ್ತು? ನಾನಿನ್ನೂ ಸಿನಿಮಾ ನೋಡಿರಲಿಲ್ಲ!

ಫೋನ್ ಮಾಡದೆ ಉಳಿದದ್ದು ನಾಗಭೂಷಣ ಅಂಕಲ್ ಮನೆಯವರು ಮಾತ್ರ. ಮುಂದಿನ ವಾರ ಭಾನುವಾರ ನಾನೇ ಕ್ಷಮೆ ಕೇಳಲು ಹೋದೆ. ಕ್ಷಮೆಯ ಜೊತೆಗೆ ಮನೆಯನ್ನೂ ಕೇಳಿಬಿಡುವ ಎಂದು ಪೇಟವನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಅಂಕಲ್ ಹುಲ್ಲು ಕತ್ತರಿಸುತ್ತಿದ್ದರು. ಬಾ ಅಂದರು, ಕೂರಿಸಿದರು, ಹುಲ್ಲಿನ ಬಗ್ಗೆ ಮಾತಾಡಿದರು, ಗೊಬ್ಬರದ ಬಗ್ಗೆ ಮಾತಾಡಿದರು. ಆ ಶನಿವಾರದ ಸುದ್ದಿಯನ್ನೇ ಎತ್ತಲಿಲ್ಲ. ಅಜ್ಜಿ ಕಿಟಕಿಯ ಹತ್ತಿರ ಬಿಸಿಲಿಗೆ ಮೈ ಕಾಯಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಹೊಸದೊಂದು ಜೆರೇನಿಯಂ ಕುಂಡ.

ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಮನೆ ಕೊಡುತ್ತೀರೋ ಇಲ್ಲವೋ ಅಂಕಲ್, ಎರಡರಲ್ಲಿ ಒಂದು ಹೇಳಿ ಎಂದೆ.

"ಮನೆ ಕೊಡೋಕೆ ನಂದೇನೂ ಅಭ್ಯಂತರ ಇಲ್ಲಪ್ಪ" ಎಂದರು ಅಂಕಲ್. "ಅಂಥವರೇ ಮಾಡಿರುವಾಗ ನೀನು ಮಾಡಲ್ವಾ? ಆಂಟಿನೇ ಏನೋ ಹೇಳ್ಬೇಕಂತೆ, ಕೇಳು."

ನಾನು ಬ್ಯಾಗಿನೊಳಗೆ ಕೈ ಹಾಕಿ ಪೇಟವನ್ನು ಹಿಡಿದುಕೊಂಡೇ ಆಂಟಿಯ ಕಡೆ ತಿರುಗಿದೆ. ಅವರು ಕಾಫಿ ಲೋಟವನ್ನು ನನ್ನ ಮುಂದಿಟ್ಟು ಎದುರಿಗೆ ಕೂತರು.

"ಬೇಜಾರು ಮಾಡ್ಕೋಬೇಡ ಚೇತನ್. ಉಳಿದಿದ್ದನ್ನ ನಾವು ಮನೇಲಿ ಹಾಕ್ಕೊಂಡು ನೋಡಿದ್ವಿ. ಛಾವಣಿ ರಿಪೇರಿ ಆಯ್ತು. ಕೊನೇಲಿ ನಂಗೆ ಕಣ್ಣಲ್ಲಿ ನೀರೇ ಬಂತು. ಆಮೇಲೆ ನಿನ್ನ ಕಥೆ ತೆಗೆದು ಇನ್ನೊಂದ್ಸಲ ಓದ್ದೆ. ಅವರ ಮೈಮೇಲೆ ಬಟ್ಟೆ ಇರ್ಲಿಲ್ಲ, ಆದ್ರೆ ಕಥೆ ಇತ್ತು ಕಣೋ. ನಿಂದ್ರಲ್ಲಿ ಬರೀ ಬಟ್ಟೆ ಇದೆ."